ಸುಣ್ಣದ ಗೆರೆ ಮತ್ತು ಶಾಂತವ್ವನ ಹುಣಸೆ

ಮರದ ನೆರಳನ್ನು ಅಳೆಯುವುದಿದ್ದರೆ ಬೇಸಿಗೆಯ ನಡುಮಧ್ಯಾಹ್ನ ಅಳೆಯಬೇಕು. ಸೂರ್ಯ ನೆತ್ತಿಯ ಮೇಲಿರುವಾಗ ನೆರಳು ಅತ್ತಿತ್ತ ಸರಿಯದೆ ಮರದ ಕೆಳಗೇ ದುಂಡಗೆ ಬಿದ್ದಿರುತ್ತದೆ. ಆಗ ಬುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು, ನೆರಳಿನ ಅಂಚಿನಗುಂಟ ನಡೆಯುತ್ತ, ಬೆರಳ ಸಂದಿಯಿಂದ ಸಣ್ಣಗೆ ಉದುರಿಸುತ್ತ ಬರಬೇಕು. ಹೊರಟ ಜಾಗಕ್ಕೆ ತಿರುಗಿ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ಅಷ್ಟಾದ ಮೇಲೆ ಗೆರೆಯ ಒಳಗೆ ಬಂದು ಒಂದು ಗಳಿಗೆ ನಿಂತು ಮೇಲೆ ನೋಡಬೇಕು. ಇದು ಯಾವ ನಿಯಮದಲ್ಲೂ ಬರೆದಿಲ್ಲ. ನಾನು ಮಾತ್ರ ಪ್ರತಿ ಸಲ ನೋಡಿದ್ದೇನೆ, ಪ್ರತಿ ಸಲವೂ ಕೈಯಲ್ಲಿದ್ದ ಬುಟ್ಟಿ ತನ್ನಷ್ಟಕ್ಕೆ ಕೆಳಗಿಳಿದಿದೆ.

ಪುರಸಭೆಗಳಲ್ಲಿ, ನಗರ ಯೋಜನೆಯ ಕಚೇರಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ತರುಣರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಿಂದ ನಿವೃತ್ತನಾದೆ ಎಂಬುದರಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ. ಎಪ್ಪತ್ತರ ದಶಕದ ಬಹುಭಾಗವನ್ನು ನಾನು ಓವರ್ಸಿಯರನಾಗಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಕಳೆದೆ. ಊರ ಅಂಚಿನ ಹೊಲಗಳು ಆಗಷ್ಟೇ ಪ್ಲಾಟುಗಳಾಗತೊಡಗಿದ್ದವು. ಮಾಲೀಕರು ನಕ್ಷೆ ಮಾಡಿಸಿ ತರುತ್ತಿದ್ದರು. ಅದರಲ್ಲಿ ತೋರಿಸಿದ ರಸ್ತೆ, ಗಟಾರ, ಬಯಲು ಜಾಗ ಸರಿಯಾಗಿವೆಯೇ ಎಂದು ಹೊಲಕ್ಕೇ ಹೋಗಿ ನೋಡಿ ಬರುವುದು ನನ್ನ ಕೆಲಸ. ಮೊದಮೊದಲು ಹೊಲ ಪ್ಲಾಟಾಗುವುದೆಂದರೆ ಮೊದಲ ದಿನವೇ ಕೊಡಲಿ ಬರುತ್ತಿತ್ತು. ದಶಕದ ನಡುವಿನಲ್ಲಿ ಮರಗಳ ರಕ್ಷಣೆಗೆಂದು ಕಾಯಿದೆ ಬಂತು. ನಮ್ಮಂಥ ಸಣ್ಣ ಊರುಗಳಲ್ಲಿ ಅದನ್ನು ಹೇಗೆ ನಡೆಸಬೇಕೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಮಾಡುತ್ತ ಕಲಿತೆವು. ಕಲಿಯುವಾಗ ಪೆಟ್ಟು ಬಿದ್ದದ್ದು ಮರಗಳಿಗೆ.

ನಾನು ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವನು. ಮೊದಲ ಬಸ್ಸು ತಪ್ಪಿಸಿದವನಲ್ಲ. ಸರಪಳಿ, ಟೇಪು, ಸುಣ್ಣದ ಚೀಲ, ರೊಟ್ಟಿಯ ಬುತ್ತಿ ರಾತ್ರಿಯೇ ಬಾಗಿಲ ಬಳಿ ಸಾಲಾಗಿ ಇರುತ್ತಿದ್ದವು. ಇಂಥವನಿಗೆ ತಕ್ಕ ಮೇಲಧಿಕಾರಿಯೂ ಸಿಕ್ಕರು. ಜೋಶಿ ಸಾಹೇಬರು ಎತ್ತರದ, ಒಣಕಲು ಮನುಷ್ಯ. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಮಡಿಸಿದ ಕೊಡೆ. ಅದನ್ನು ಬಿಚ್ಚಿದ್ದನ್ನು ನಾನು ನೋಡಿಲ್ಲ. ತೋರಿಸುವುದಕ್ಕೆ, ಚುಚ್ಚಿ ನೋಡುವುದಕ್ಕೆ, ಅಳೆಯುವುದಕ್ಕೆ ಅದೊಂದೇ ಅವರ ಉಪಕರಣ. ಸಿಟ್ಟಿಗೆದ್ದರೆ ದನಿ ಇನ್ನಷ್ಟು ಇಳಿಯುತ್ತಿತ್ತು. ಕಾಗದದ ಮೇಲೆ ಕಂಡದ್ದನ್ನು ನೆಲದ ಮೇಲೆ ಕಾಣುವ ತನಕ ನಂಬಬಾರದೆಂಬುದು ಅವರ ಒಂದೇ ಪಾಠ.

ಇಂಡಿಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ನಿಂಬೆತೋಟದ ಪಕ್ಕದ ಒಂದು ಹೊಲ ಪ್ಲಾಟಾಗುತ್ತಿತ್ತು. ನಡುವೆ ಒಂದು ಬೇವಿನ ಮರ. ಕೆಲಸ ಮುಗಿಯುವ ತನಕ ಅದಕ್ಕೆ ಬೇಲಿ ಹಾಕಬೇಕೆಂದು ಗುತ್ತಿಗೆದಾರನಿಗೆ ಹೇಳಿ ಬಂದೆ. ಮುಂದಿನ ಸಲ ಹೋದಾಗ ಆತ ಮುಳ್ಳುತಂತಿಯನ್ನು ಮರದ ಕಾಂಡಕ್ಕೇ ಬುಡದಿಂದ ಎದೆಯೆತ್ತರದವರೆಗೆ ಸುತ್ತಿ ಮೊಳೆ ಹೊಡೆದಿದ್ದ. ಮರದ ಮೈಯಿಂದ ಅಂಟು ಇಳಿದು ಬಿಸಿಲಿಗೆ ಹೊಳೆಯುತ್ತಿತ್ತು. ಇದೇನು ಎಂದೆ.

“ಬೇಲಿ ಹಾಕ್ರಿ ಅಂದ್ರಿ, ಹಾಕೇನ್ರಿ. ಇನ್ನ ಯಾವ ಮಗಾನೂ ಮುಟ್ಟಂಗಿಲ್ಲ ನೋಡ್ರಿ” ಎಂದು ಆತ ಹೆಮ್ಮೆಯಿಂದ ಹೇಳಿದ.

ಮೊಳೆ ಕೀಳುವುದರಲ್ಲೇ ಆ ಮಧ್ಯಾಹ್ನ ಹೋಯಿತು. ಮೊಳೆ ಕಿತ್ತ ತೂತುಗಳ ಸುತ್ತ ತೊಗಟೆ ಉಬ್ಬಿ, ಒಂದೊಂದನ್ನೂ ಮರ ತಾನೇ ಮುಚ್ಚಿಕೊಂಡದ್ದನ್ನು ವರ್ಷದ ಮೇಲೆ ನೋಡಿದೆ. ಬೆರಳಾಡಿಸಿದರೆ ಮಾತ್ರ ಗುರುತು ಸಿಗುತ್ತಿತ್ತು. ಹುಣ್ಣಿಗೆ ಯಾರೂ ಔಷಧ ಹಾಕಿರಲಿಲ್ಲ, ಯಾರೂ ಕ್ಷಮೆ ಕೇಳಿರಲಿಲ್ಲ. ಜೋಶಿ ಸಾಹೇಬರಿಗೆ ವರದಿ ಕೊಟ್ಟಾಗ, ಬೇಲಿ ಎಲ್ಲಿ ಹಾಕಬೇಕೆಂದು ನೆಲದ ಮೇಲೆ ತೋರಿಸದಿದ್ದರೆ ತಪ್ಪು ನಮ್ಮದೇ ಎಂದರು. ಸುಣ್ಣದ ಗೆರೆ ಹುಟ್ಟಿದ್ದು ಹಾಗೆ. ಗೆರೆಯ ಒಳಗೆ ಏನನ್ನೂ ಕಟ್ಟಬಾರದೆಂದು ನಾಲ್ಕೂ ಊರುಗಳಿಗೆ ಆದೇಶ ಹೋಯಿತು.

ಅದನ್ನು ಸಿಂದಗಿಯ ರಸ್ತೆ ಗುತ್ತಿಗೆದಾರ ಅಕ್ಷರಶಃ ಪಾಲಿಸಿದ. ಅಲ್ಲಿನ ರಸ್ತೆಬದಿಯ ಒಂದು ಅರಳಿಯ ಸುತ್ತ ಹಾಕಿದ್ದ ಗೆರೆಯ ಒಳಗೆ ಏನನ್ನೂ ಕಟ್ಟಲಿಲ್ಲ. ನೆರಳು ತಂಪಾಗಿದೆಯೆಂದು ಡಾಂಬರಿನ ಪೀಪಾಯಿಗಳನ್ನು ಅಲ್ಲಿಯೇ ಇಟ್ಟು, ಕೆಳಗೆ ಬೆಂಕಿ ಹಾಕಿ, ಡಾಂಬರು ಕುದಿಸಿದ. ನಾನು ಹೋಗುವಷ್ಟರಲ್ಲಿ ಅರ್ಧ ಮರ ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಸಾಲದೆಂಬಂತೆ ತೊಗರಿ ಚೀಲ ಹೊತ್ತ ಲಾರಿಗಳು ಹಿಂದಕ್ಕೆ ಬರುವಾಗ ಕಾಂಡಕ್ಕೆ ಗುದ್ದಿ ತೊಗಟೆ ಕಿತ್ತಿದ್ದವು. ಅದು ಸತ್ತಿತೆಂದೇ ನಾನು ಬರೆದುಕೊಂಡು ಬಂದೆ. ಯುಗಾದಿಯ ಹೊತ್ತಿಗೆ ಸುಟ್ಟ ಅರ್ಧದ ತುಂಬ ತಾಮ್ರದ ಬಣ್ಣದ ಚಿಗುರು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡವನು ನಿಲ್ದಾಣಕ್ಕೂ ಮುಂಚೆಯೇ ಇಳಿದು ನಡೆದು ಹೋದೆ. ವರದಿಯಲ್ಲಿ ‘ಸತ್ತಿದೆ’ ಎಂಬ ಪದವನ್ನು ಅಳಿಸುವ ಸಂತೋಷ ನಮ್ಮ ಇಲಾಖೆಯಲ್ಲಿ ಹೆಚ್ಚು ಜನಕ್ಕೆ ಸಿಕ್ಕಿರಲಿಕ್ಕಿಲ್ಲ.

ಆದರೆ ಜೋಶಿ ಸಾಹೇಬರು ಸಂತೋಷಪಡುತ್ತ ಕೂರುವವರಲ್ಲ. ಗೆರೆ ಗಾಳಿಗೆ ಹಾರುತ್ತದೆ, ಮಳೆಗೆ ಅಳಿಯುತ್ತದೆ, ಲಾರಿಗೆ ಕಾಣುವುದಿಲ್ಲ. ಗಟ್ಟಿಯಾದದ್ದೊಂದು ಬೇಕು. ಯೋಚಿಸಿ ಹೊಸ ಷರತ್ತು ಬರೆದರು: ಉಳಿಸಿಕೊಳ್ಳುವ ಪ್ರತಿ ಮರದ ಬುಡದ ಸುತ್ತ ಮಾಲೀಕನು ಕಲ್ಲಿನ ಕಟ್ಟೆ ಕಟ್ಟಿಸಿ ಮಣ್ಣು ತುಂಬಿಸತಕ್ಕದ್ದು.

ನಾವು ತಂದ ನಿಯಮಗಳಲ್ಲಿ ಜನ ನಗುತ್ತ ಒಪ್ಪಿಕೊಂಡದ್ದು ಇದೊಂದೇ. ನಮ್ಮ ಕಡೆ ಮರಕ್ಕೆ ಮರ್ಯಾದೆ ಕೊಡುವುದೆಂದರೆ ಕಟ್ಟೆ ಕಟ್ಟಿಸುವುದು. ಊರಿನ ಮಾತೆಲ್ಲ ನಡೆಯುವುದು ಬೇವಿನ ಕಟ್ಟೆಯ ಮೇಲೆ, ಅರಳಿಯ ಕಟ್ಟೆಯ ಮೇಲೆ. ಗಟಾರಕ್ಕೆ ಜಾಗ ಬಿಡಿರೆಂದರೆ ತಿಂಗಳುಗಟ್ಟಲೆ ಜಗ್ಗಾಡುತ್ತಿದ್ದವರು ಕಟ್ಟೆಗೆ ತಾವಾಗಿಯೇ ಕಲ್ಲು ತರಿಸಿದರು. ಬಾಗೇವಾಡಿಯಲ್ಲಿ ಒಬ್ಬ ಕಾಳಿನ ವ್ಯಾಪಾರಿ ತನ್ನ ಬೇವಿಗೆ ಕಟ್ಟೆ ಮುಗಿಸಿದ ಸಂಜೆಯೇ ಅಲ್ಲಿ ನಾಲ್ಕು ಜನ ಹಿರಿಯರು ಕೂತು ಎಲೆಅಡಿಕೆ ಬಿಚ್ಚಿದ್ದರು, ಆ ಕಟ್ಟೆ ಅಜ್ಜನ ಕಾಲದ್ದೆನ್ನುವ ಹಾಗೆ. ನನಗೂ ಹೆಮ್ಮೆಯಾಯಿತು.

ಹೀಗಿರುವಾಗ ಮುದ್ದೇಬಿಹಾಳದ ಮಲ್ಲನಗೌಡರ ನಕ್ಷೆ ಬಂತು.

ಊರಿಗೆ ಹತ್ತಿಕೊಂಡ, ಕಪ್ಪು ಮಣ್ಣಿನ ಎರೆಹೊಲ. ನಕ್ಷೆ ನೇರವಾಗಿ, ಅಚ್ಚುಕಟ್ಟಾಗಿತ್ತು. ನಡುವೆ ಒಂದು ಅಗಲ ರಸ್ತೆ, ಎರಡೂ ಬದಿಗೆ ಪ್ಲಾಟುಗಳು. ಮರಗಳು ಇಲ್ಲವೆಂದು ಬರೆದಿತ್ತು. ಬೇಸಿಗೆಯ ಒಂದು ಬೆಳಿಗ್ಗೆ ಹೊಲಕ್ಕೆ ಹೋದೆ. ರಸ್ತೆ ಬರಬೇಕಾದ ಜಾಗದ ನಟ್ಟನಡುವೆ ಒಂದು ಹುಣಸೆಮರ ನಿಂತಿತ್ತು.

ನಾನು ಬಹಳ ಹುಣಸೆಗಳನ್ನು ನೋಡಿದವನು, ಆದರೂ ದೂರದಿಂದಲೇ ನನ್ನ ನಡಿಗೆ ನಿಧಾನವಾಯಿತು. ಎರೆಭೂಮಿ ಆ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಅದು ಗೋಡೆಯನ್ನು ಸೀಳುತ್ತದೆ, ಬಾವಿಯ ಕಲ್ಲನ್ನು ಸರಿಸುತ್ತದೆ, ಕಂಬವನ್ನು ವಾಲಿಸುತ್ತದೆ. ಆ ನೆಲದ ಮೇಲೆ ಈ ಮರ ಒಂದು ಬೆರಳಷ್ಟೂ ವಾಲದೆ ನಿಂತಿತ್ತು. ಬರ ಬಿದ್ದು ಸುತ್ತಲೆಲ್ಲ ಒಣಗಿದಾಗಲೂ ಇದೊಂದೇ ಹಸಿರಾಗಿರುತ್ತಿತ್ತೆಂದು ಆಮೇಲೆ ಕೇಳಿದೆ. ಕೆಳಗೆ ಹೆಣ್ಣುಮಕ್ಕಳು ಚಾದರ ಹಾಸಿ ಹುಣಸೆಹಣ್ಣು ಆರಿಸುತ್ತಿದ್ದರು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಬೇರೆ ಋತುವಿಗೆ ಹೋದ ಹಾಗೆ.

ಮಧ್ಯಾಹ್ನ ಗೆರೆ ಹಾಕುತ್ತಿದ್ದಂತೆ ಮಲ್ಲನಗೌಡರು ಮೋಟಾರ್ ಸೈಕಲ್ ಮೇಲೆ ಬಂದರು. ದೊಡ್ಡ ಮೀಸೆಯ, ಚುರುಕು ಮಾತಿನ ಮನುಷ್ಯ. ಇಷ್ಟು ದೊಡ್ಡ ಮರವನ್ನು ನಕ್ಷೆಯಲ್ಲಿ ಏಕೆ ತೋರಿಸಲಿಲ್ಲವೆಂದು ಕೇಳಿದೆ. ನಮ್ಮ ಕಡೆ ಎಷ್ಟು ದೊಡ್ಡ ಮರವನ್ನೂ ಗಿಡವೆಂದೇ ಅನ್ನುವುದು.

“ಗಿಡ ನಂದಲ್ರಿ ಸಾಹೇಬ್ರ. ನನ್ನ ತಂಗೀದು. ಮಂದಿ ಗಿಡ ನನ್ನ ನಕ್ಷಾದಾಗ ಯಾಕ ಬರೀಲಿ?” ಎಂದರು.

ತಮಾಷೆಯೆಂದುಕೊಂಡೆ. ಅದು ನಿಜವೇ ಆಗಿತ್ತು. ತಂಗಿ ಶಾಂತವ್ವನ ಮದುವೆಯ ದಿನ ತಂದೆ ಇದೇ ಮರದ ಕೆಳಗೆ ನಿಂತು, ಹೊಲ ಮಗನದು, ಮರ ಮಗಳ ಅರಿಷಿಣ ಕುಂಕುಮಕ್ಕೆ ಎಂದು ನಾಲ್ಕು ಜನರೆದುರು ಹೇಳಿದ್ದರಂತೆ. ಅಂದಿನಿಂದ ಪ್ರತಿ ವರ್ಷ ಹಣ್ಣಿನ ಕಾಲಕ್ಕೆ ಆಕೆ ಹಲಸಂಗಿಯಿಂದ ಎರಡು ಬಸ್ಸು ಬದಲಿಸಿ ಬಂದು, ತವರಿನಲ್ಲಿ ಕೆಲವು ದಿನ ಇದ್ದು, ಕೋಲಿನಿಂದ ಹಣ್ಣು ಬಡಿಸಿ ಉದುರಿಸಿಕೊಂಡು ಹೋಗುತ್ತಿದ್ದಳು. ಆ ಮಾತನ್ನು ಗೌಡರು ಅಲ್ಲಗಳೆಯಲೇ ಇಲ್ಲ. ಅವರ ತಕರಾರು ಬೇರೆ.

“ಗಿಡ ಅಕೀದು, ಭೂಮಿ ನಂದು. ನನ್ನ ಭೂಮಿ ಮ್ಯಾಲ ರಸ್ತಾ ಹೊಂಟೈತಿ. ಬೇಕಾದ್ರ ಗಿಡ ಹೊತ್ಕೊಂಡು ಹಲಸಂಗಿಗೆ ಹೋಗಂತ ಹೇಳ್ರಿ.”

ಹಣ್ಣು ಆರಿಸುತ್ತಿದ್ದವರ ನಡುವಿನಿಂದ ಒಬ್ಬ ಹೆಣ್ಣುಮಗಳು ತಲೆಯೆತ್ತದೆಯೇ ಹೇಳಿದಳು: “ಹೋಗ್ತೇನಿ ತಗೋ ಅಣ್ಣಾ. ನೀ ಬುಡಕ್ಕ ಕೈ ಹಚ್ಚಿ ತಲಿ ಮ್ಯಾಲ ಎತ್ತಿ ಇಡು, ನಾ ನಡೀತೇನಿ.”

ಉಳಿದವರೆಲ್ಲ ನಕ್ಕರು. ಗೌಡರೂ ಮೀಸೆಯಡಿಯಲ್ಲಿ ನಕ್ಕು ಗಾಡಿ ತಿರುಗಿಸಿದರು. ಅವರು ಮರೆಯಾದ ಮೇಲೆ ಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಬಳಿ ಬಂದಳು. ಈಗ ಮುಖದಲ್ಲಿ ನಗೆಯಿರಲಿಲ್ಲ.

“ಸಾಹೇಬ್ರ, ಹುಣಸಿಹಣ್ಣು ನಮ್ಮ ಹಲಸಂಗ್ಯಾಗೂ ಸಿಗತಾವ್ರಿ. ನನಗ ಹಣ್ಣಿನ ಚಿಂತಿಲ್ಲ. ಅಪ್ಪ ಹ್ವಾದ, ಅವ್ವ ಹ್ವಾದ್ಲು. ಈ ಗಿಡಾನೂ ಹೋತಂದ್ರ ನಾ ಯಾವ ನೆವಾ ಮಾಡ್ಕೊಂಡು ತವರಿಗೆ ಬರ್ಲಿ?”

ನಿಯಮದಲ್ಲಿ ಇದಕ್ಕೊಂದು ಕಲಮು ಇರಲಿಲ್ಲ. ಜೋಶಿ ಸಾಹೇಬರನ್ನೇ ಕರೆತಂದೆ. ಅವರು ಮರದ ಸುತ್ತ ಒಂದು ಪೂರಾ ಸುತ್ತು ನಿಧಾನವಾಗಿ ನಡೆದರು. ಗೌಡರು ತಮ್ಮ ರಸ್ತೆ ಎಷ್ಟು ನೇರವೆಂದು ವಿವರಿಸುತ್ತ ಹಿಂದೆಯೇ ನಡೆದರು. ಸುತ್ತು ಮುಗಿದ ಮೇಲೆ ಸಾಹೇಬರು ಕೊಡೆಯಿಂದ ಒಮ್ಮೆ ರಸ್ತೆಯನ್ನೂ ಒಮ್ಮೆ ಮರವನ್ನೂ ತೋರಿಸಿ, “ಗೌಡ್ರ, ಅದು ಬಾಗ್ತದ. ಇದು ಬಾಗಂಗಿಲ್ಲ. ನಕ್ಷಾ ತಿದ್ದಿಸ್ರಿ” ಎಂದರು. ಅಷ್ಟೇ.

ಗೌಡರು ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ರಸ್ತೆ ಬಾಗಿತು, ಒಂದು ಪ್ಲಾಟು ಹೋಯಿತು. ಆದರೆ ಒಪ್ಪಿಕೊಂಡ ಮೇಲೆ ಅವರು ಅರೆಮನಸ್ಸಿನಿಂದ ಮಾಡುವವರ ಪೈಕಿ ಅಲ್ಲ. ಕಟ್ಟೆ ಕಟ್ಟಿಸುವುದೆಂದ ಮೇಲೆ ತಾಲೂಕಿನಲ್ಲಿ ಅಂಥದ್ದು ಇನ್ನೊಂದು ಇರಬಾರದು ಎಂದು ಕೆತ್ತಿದ ಕಲ್ಲು ತರಿಸಿದರು, ಮೇಲೆ ನುಣುಪಾದ ಫರಸಿ ಕಲ್ಲು ಹಾಸಿಸಿದರು, ಒಳಗೆ ಪ್ಲಾಟುಗಳ ಬುನಾದಿಯಿಂದ ತೆಗೆದ ಎರೆಮಣ್ಣನ್ನು ಸೊಂಟದೆತ್ತರ ತುಂಬಿಸಿ, ನೀರು ಹೊಡೆಸಿ, ದಮ್ಮಸ್ಸು ಬಡಿಸಿ ಗಟ್ಟಿ ಮಾಡಿಸಿದರು. ಶ್ರಾವಣದಲ್ಲಿ ತಂಗಿಯನ್ನು ಕರೆಸಿ, ಆ ಕಟ್ಟೆಯ ಮೇಲೆ ಕೂರಿಸಿ, ಸೀರೆ ಕೊಟ್ಟು ಉಡಿ ತುಂಬಿದರು. ನಮಗೂ ಕರೆ ಬಂದಿತ್ತು. ಶಾಂತವ್ವ ಅತ್ತಳು, ಗೌಡರು ಕಣ್ಣೊರೆಸಿಕೊಂಡರು, ಜೋಶಿ ಸಾಹೇಬರು ಕೊಡೆಯ ತುದಿಯಿಂದ ಫರಸಿಯ ಮೇಲೆ ತಟ್ಟಿ, ಕೆಲಸ ಚೊಕ್ಕಟವಾಗಿದೆ ಎಂದರು. ಬರುವಾಗ ಬಸ್ಸಿನಲ್ಲಿ, ಬೇರೆ ಮೂರೂ ಊರುಗಳ ಜನಕ್ಕೆ ಇದನ್ನೇ ತೋರಿಸಬೇಕೆಂದು ಇಬ್ಬರೂ ಮಾತಾಡಿಕೊಂಡೆವು.

ಮುಂದಿನ ಹಣ್ಣಿನ ಕಾಲಕ್ಕೆ ಕಾಯಿ ಸಣ್ಣಗಿದ್ದವಂತೆ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅದರ ಮರುವರ್ಷ ನಾನು ಬಾಗೇವಾಡಿಯ ಕಚೇರಿಯಲ್ಲಿದ್ದಾಗ ಮಲ್ಲನಗೌಡರು ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದರು. ಮೋಟಾರ್ ಸೈಕಲ್ ಇರಲಿಲ್ಲ, ರುಮಾಲು ಸರಿಯಾಗಿ ಸುತ್ತಿರಲಿಲ್ಲ. ತರಿಸಿದ ಚಹಾ ಹಾಗೆಯೇ ಆರಿತು.

“ನೀವು ಬರಬೇಕ್ರಿ. ಗಿಡ ಒಣಗಾಕತ್ತೈತಿ. ನಾ ಬುಡಕ್ಕ ವಿಷದ ಮದ್ದು ಹಾಕೇನಿ ಅಂತಾಳ್ರಿ ಅಕಿ. ನಮ್ಮ ಹೊಸ್ತಿಲಾ ತುಳಿಯಂಗಿಲ್ಲ, ನಮ್ಮ ಮನಿ ನೀರು ಕುಡಿಯಂಗಿಲ್ಲ ಅಂತ ಕುಂತಾಳ.”

ಜೋಶಿ ಸಾಹೇಬರೂ ನಾನೂ ಅವರೊಡನೆಯೇ ಹೊರಟೆವು.

ಮರವನ್ನು ದೂರದಿಂದಲೇ ಕಂಡೆ. ತುದಿಯ ಕೊಂಬೆಗಳೆಲ್ಲ ಬೋಳಾಗಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಉಳಿದ ಎಲೆ ಹಳದಿ. ನಾನು ಗೆರೆ ಹಾಕಿದ ದುಂಡನೆಯ ನೆರಳು ಹರಿದ ಕಂಬಳಿಯಂತೆ ಅಲ್ಲಲ್ಲಿ ತೂತು ಬಿದ್ದಿತ್ತು. ಆ ಚಂದದ ಕಟ್ಟೆಯ ಮೇಲೆ ಶಾಂತವ್ವ ಒಬ್ಬಳೇ ಕೂತಿದ್ದಳು. ಆ ಹೊತ್ತಿಗಾಗಲೇ ಅಕ್ಕಪಕ್ಕದ ಪ್ಲಾಟಿನವರು ಅಲ್ಲಿ ದೀಪ ಹಚ್ಚುವುದು, ಬುಡಕ್ಕೆ ಕುಂಕುಮ ಹಚ್ಚುವುದು ಶುರುವಾಗಿತ್ತು.

“ಕಡಿಯಾಕ ಸಾಹೇಬ್ರು ಬಿಡಲಿಲ್ಲ. ರಸ್ತಾ ಬಾಗಿದ ಸಿಟ್ಟು ಹಿಂಗ ತೀರಿಸ್ಕೊಂಡಿ ಹೌದಿಲ್ಲ ಅಣ್ಣಾ?” ಎಂದಳು. ದನಿಯಲ್ಲಿ ಜಗಳವಿರಲಿಲ್ಲ, ದಣಿವಿತ್ತು.

“ನಿನ್ನ ಉಡಿ ತುಂಬಿದ ಕೈಲೇ ಮದ್ದು ಹಾಕ್ಲೇನು ನಾ?” ಎಂದರು ಗೌಡರು.

ಅಣ್ಣ ತಂಗಿ ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ನಿಂತದ್ದು ನೋಡಲಾಗುತ್ತಿರಲಿಲ್ಲ. ಜೋಶಿ ಸಾಹೇಬರು ಕಾಂಡದ ಪಕ್ಕದ ಒಂದು ಫರಸಿ ತೆಗೆಸಿದರು. ಕೆಳಗಿನ ಮಣ್ಣನ್ನು ತೋಡಿಸಿ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ತಾವೇ ಮಂಡಿಯೂರಿ ಕೈ ಇಳಿಬಿಟ್ಟರು. ಹುಳಿತ ವಾಸನೆ ಬಂತು. ಅವರು ಹೊರತೆಗೆದ ಕೈಯಲ್ಲಿ ಕಾಂಡದ ತೊಗಟೆ ಇತ್ತು; ಒದ್ದೆಯಾಗಿ, ಕಪ್ಪಾಗಿ, ಬೆರಳಲ್ಲಿ ಹಿಸುಕಿದರೆ ಕರಗುವಂಥದ್ದು. ಬಹಳ ಹೊತ್ತು ಅದನ್ನೇ ನೋಡಿದರು.

“ನಿಮ್ಮ ಅಣ್ಣ ಮದ್ದು ಹಾಕಿಲ್ಲ ತಂಗೀ. ಇದಕ್ಕ ಮದ್ದು ಹಾಕಿದಾಂವ ನಾನು. ಕಟ್ಟಿ ಕಟ್ಟಸ್ರಿ ಅಂತ ಬರದವ ನಾನ” ಎಂದರು. ದನಿ ಎಷ್ಟು ಇಳಿದಿತ್ತೆಂದರೆ ನಾವು ಬಗ್ಗಿ ಕೇಳಬೇಕಾಯಿತು.

ಆಮೇಲೆ ವಿವರಿಸಿದರು. ನೀರು ಗಾಳಿ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ. ಅವುಗಳ ಮೇಲೆ ಸೊಂಟದೆತ್ತರ ಅಂಟುಮಣ್ಣು ಹೇರಿ, ದಮ್ಮಸ್ಸು ಮಾಡಿ, ಕಲ್ಲು ಮುಚ್ಚಿದರೆ ಉಸಿರು ಕಟ್ಟುತ್ತದೆ. ಕಾಂಡದ ತೊಗಟೆಗೆ ಸದಾ ತೇವ ತಾಗಿ ಕೊಳೆಯುತ್ತದೆ. ಹಾಗಾದರೆ ಊರಿನ ಹಳೆಯ ಕಟ್ಟೆಗಳ ಮರಗಳು ಹೇಗೆ ಬದುಕಿವೆ ಎಂದು ನಾನು ಕೇಳಿದೆ. ಅವು ಕಟ್ಟೆಯ ಮಣ್ಣಿನಲ್ಲೇ ಸಸಿಯಾಗಿ ಊರಿ ಬೆಳೆದವು, ಆ ಮಣ್ಣಿನೊಳಗೇ ಬೇರಿಗೆ ದಾರಿ ಮಾಡಿಕೊಂಡವು; ಇದು ತನ್ನ ಲೆಕ್ಕದಲ್ಲಿ ಬೆಳೆದು ನಿಂತ ಮರ, ಇದನ್ನು ನಾವು ಹೂತುಬಿಟ್ಟೆವು ಎಂದರು. ಕಟ್ಟೆಯನ್ನು ಇವತ್ತೇ ಒಡೆಯಬೇಕು.

ಒಡೆಯುವವರು ಯಾರು? ಗೌಂಡಿಗಳು ಬಂದರು, ಕುಂಕುಮ ನೋಡಿ ಸುತ್ತಿಗೆ ಕೆಳಗಿಟ್ಟರು. ಪ್ಲಾಟಿನ ಇಬ್ಬರು ಹಿರಿಯರು, ದೀಪ ಹಚ್ಚಿದ ಕಟ್ಟೆ ಒಡೆದರೆ ಮನೆತನಕ್ಕೆ ಕೇಡು ಎಂದರು. ಗೌಡರೂ ಹಿಂಜರಿದರು, ತಾವು ಕಟ್ಟಿಸಿದ ಕಟ್ಟೆಯನ್ನು ತಾವೇ ಒಡೆದರೆ ಊರು ಏನು ಹೇಳೀತು? ಬಿಸಿಲು ಏರುತ್ತಿತ್ತು. ಆಗ ಶಾಂತವ್ವ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದೀಪದ ಹಣತೆಯನ್ನು ಎರಡೂ ಕೈಯಿಂದ ಎತ್ತಿ ದೂರದಲ್ಲಿಟ್ಟು ನಮಸ್ಕಾರ ಮಾಡಿದಳು.

“ಇದು ನನ್ನ ಗಿಡ. ಕೇಡು ಬಂದ್ರ ನನಗ ಬರ್ಲಿ” ಎಂದು ಮೂಲೆಯ ಕಲ್ಲಿಗೆ ಕೈ ಹಾಕಿದಳು.

ಕಲ್ಲು ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿಸಿದ್ದರು. ಆಕೆ ಇನ್ನೊಮ್ಮೆ ಎಳೆಯುವಷ್ಟರಲ್ಲಿ ಗೌಡರು ಗೌಂಡಿಯ ಕೈಯಿಂದ ಹಾರೆ ಕಸಿದುಕೊಂಡು, “ಸರಿ ಆಕಡೆ, ಕಾಲ ಮ್ಯಾಲ ಬಿದ್ದೀತು” ಎಂದು ಗದರಿ, ಸಂದಿಗೆ ಹಾಕಿ ಮೀಟಿದರು. ಮೊದಲ ಕಲ್ಲು ಉರುಳಿದ ಮೇಲೆ ಉಳಿದವರೂ ಬಂದರು.

ಮಣ್ಣನ್ನು ಎತ್ತಿನ ಗಾಡಿಗಳಿಗೆ ತುಂಬಿದರು. ಮೊದಲ ಗಾಡಿ ಹೊರಟಾಗ ಜೋಶಿ ಸಾಹೇಬರು, ಈ ಮಣ್ಣು ಎಲ್ಲಿಗೆ ಎಂದು ಕೇಳಿದರು. ಹೊಲದ ಆಚೆ ಅಂಚಿನ ಹಳೆಯ ಬಾವಿಗೆ ಎಂದರು ಗೌಡರು. ನಕ್ಷೆಯಲ್ಲಿ ಅದು ಪ್ಲಾಟು, ಹೇಗೂ ಮುಚ್ಚುವುದಿತ್ತು. ನೆಲದ ಮೇಲೆ ನೋಡದೆ ಏನನ್ನೂ ಮುಚ್ಚಲು ಬಿಡುವವರಲ್ಲ ಸಾಹೇಬರು. ಕೊಡೆ ಊರುತ್ತ ಗಾಡಿಯ ಹಿಂದೆಯೇ ನಡೆದರು. ಬಾವಿ ಮರದಿಂದ ಬಹಳ ದೂರ. ಕವಣೆಯ ಕಲ್ಲು ಬೀಳುವಷ್ಟು ದೂರ, ನಡುವೆ ರಸ್ತೆ, ಗಟಾರದ ತಗ್ಗು, ಪ್ಲಾಟುಗಳು. ಗಾಡಿಯವನಿಗೆ ನಿಲ್ಲಲು ಹೇಳಿ ಮೆಟ್ಟಿಲಿಳಿದರು. ನಾನೂ ಇಳಿದೆ.

ನಾನು ಅಲ್ಲಿ ಕಂಡದ್ದನ್ನು ಈ ಮೂವತ್ತು ನಲವತ್ತು ವರ್ಷಗಳಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ, ಒಮ್ಮೆಯೂ ಸರಿಯಾಗಿ ಹೇಳಲು ಬಂದಿಲ್ಲ. ಬೇಸಿಗೆಯ ಬಾವಿ, ನೀರು ತಳದಲ್ಲಿತ್ತು. ಮರದ ಕಡೆಯ ಗೋಡೆಯ ಕಲ್ಲಿನ ಸಂದುಸಂದಿನಿಂದ ಬೇರುಗಳು ಹೊರಬಂದಿದ್ದವು. ತೋಳು ದಪ್ಪದವು, ಬೆರಳು ದಪ್ಪದವು, ಕೂದಲಿನಷ್ಟು ಸಣ್ಣವು. ಕಲ್ಲನ್ನು ತಬ್ಬಿ, ಕಲ್ಲಿನ ಆಕಾರವನ್ನೇ ತೊಟ್ಟು, ಒಂದರ ಮೇಲೊಂದು ಹೆಣೆದುಕೊಂಡು, ಜಡೆಗಳಾಗಿ ಜೋತು, ತಳದಲ್ಲಿ ನೀರೊಳಗೆ ಕೆಂಪನೆಯ ನವಿರು ಗೊಂಚಲುಗಳಾಗಿ ಹರಡಿದ್ದವು. ನೀರು ಅಲುಗಿದರೆ ಅವೂ ಅಲುಗುತ್ತಿದ್ದವು. ಅಲ್ಲಿ ಸದ್ದೇ ಇರಲಿಲ್ಲ. ಗರ್ಭಗುಡಿಯಲ್ಲಿ ನಿಂತಾಗ ದನಿ ತಾನಾಗಿ ಕುಗ್ಗುವಂತೆ ನನ್ನ ದನಿ ಕುಗ್ಗಿತು. ಯಾವ ಮರದ್ದಿರಬಹುದು ಎಂದು ಕೇಳಿದೆ. ಸುತ್ತ ಬೇರೆ ಮರ ಎಲ್ಲಿತ್ತು? ಬರುವಾಗ ದಾಟಿದ ಗಟಾರದ ತಗ್ಗಿನಲ್ಲಿ ಅಡ್ಡ ಹಾಯ್ದಿದ್ದ ದಪ್ಪ ಬೇರುಗಳು ನನಗೆ ಆಗ ನೆನಪಾದವು. ಹುಣಸೆಯಿಂದ ಬಾವಿಗೆ ಹಗ್ಗ ಎಳೆದಂತೆ ಒಂದೇ ದಿಕ್ಕಿಗೆ ಹೊರಟಿದ್ದವು.

ಬುಡದಲ್ಲಿ ಉಸಿರು ಕಟ್ಟಿದ ಮೇಲೂ ಆ ಮರವನ್ನು ಎರಡು ವರ್ಷ ಹಿಡಿದು ನಿಲ್ಲಿಸಿದ್ದು ಇದು. ಇನ್ನರ್ಧ ಗಳಿಗೆಯಲ್ಲಿ ನಾವು ಇದನ್ನೂ ಹೂಳುವವರಿದ್ದೆವು.

ಸಾಹೇಬರು ಮೇಲೆ ನೋಡಿ ಗೌಡರನ್ನು ಕರೆದರು. ಗೌಡರು ಇಳಿದರು, ಹಿಂದೆಯೇ ಶಾಂತವ್ವ. ಕೆಳಗಿನ ಮೆಟ್ಟಿಲಲ್ಲಿ ಗೌಡರು ನಿಂತರು. ಕೈಚಾಚಿ ಒಂದು ದಪ್ಪ ಬೇರನ್ನು ಹಿಡಿದರು. ಅದು ಅವರ ಹಿಡಿತಕ್ಕೆ ಗೊತ್ತಿದ್ದ ಬೇರು.

“ಇದನ್ನ ಹಿಡ್ಕೊಂಡ ನಾವು ಈಜ ಕಲ್ತೇವ್ರಿ ಸಾಹೇಬ್ರ” ಎಂದರು. “ಬಾವಿದ ಬೇರು ಅಂತಿದ್ವಿ. ಬಾವಿಗೆ ಎಲ್ಲಿ ಬೇರು ಇರತೈತ್ರಿ? ಯಾರದು ಅಂತ ಒಂದಿನಾನೂ ಕೇಳ್ಲಿಲ್ಲ.”

“ನಾ ಬಿಟ್ಟು ಮುಳುಗಿದ್ನೆಲ್ಲ, ಆಗ ನೀ ಒಂದ ಕೈಲೆ ಇದನ್ನ ಹಿಡದು ಒಂದ ಕೈಲೆ ನನ್ನ ಜಡಿ ಹಿಡದು ಎಳದಿದ್ದಿ” ಎಂದಳು ಶಾಂತವ್ವ.

“ಜಡಿ ಎಳದ್ನಿ ಅಂತ ಮನಿಗೆ ಹೋಗಿ ಚಾಡಿ ಹೇಳಿದ್ದಿ.”

ಆಕೆ ನಗಲು ಹೋಗಿ ಅತ್ತಳು. ಬಗ್ಗಿ ಬೊಗಸೆಯಲ್ಲಿ ಆ ನೀರು ತೆಗೆದು ಕುಡಿದಳು. ನಿಮ್ಮ ಮನೆಯ ನೀರು ಮುಟ್ಟುವುದಿಲ್ಲವೆಂದು ಹಟ ಹಿಡಿದು ಕೂತವಳು. ಗೌಡರು ಮುಖ ಆಚೆ ತಿರುಗಿಸಿದರು. ಜೋಶಿ ಸಾಹೇಬರು ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಅಲ್ಲಿ ಇಲಾಖೆಗೆ ಕೆಲಸವಿರಲಿಲ್ಲ.

ಮೇಲೆ ಬಂದ ಮೇಲೆ, ರೂಢಿಯ ಪ್ರಕಾರ, ಹೊಸ ಗೆರೆ ಎಲ್ಲಿಯ ತನಕ ಹಾಕಲಿ ಎಂದು ಕೇಳಿದೆ. ಅವರು ಮರದಿಂದ ಬಾವಿಯ ತನಕ ಕಣ್ಣು ಹಾಯಿಸಿ, “ಸುಣ್ಣ ಸಾಲಂಗಿಲ್ಲ ಬಿಡ್ರಿ” ಎಂದರು.

ಬಾವಿ ಬಯಲು ಜಾಗವಾಗಿ ನಕ್ಷೆಯಲ್ಲಿ ಉಳಿಯಿತು. ಬಾವಿ ಬಿಟ್ಟುಕೊಡಲು ಗೌಡರು ಒಂದು ಮಾತೂ ಆಡಲಿಲ್ಲ. ಸಾಹೇಬರು ಕಟ್ಟೆಯ ಷರತ್ತನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು. ನೆರಳಿನಷ್ಟಲ್ಲ, ಅದರ ಇಮ್ಮಡಿ ದೂರದವರೆಗೆ ನೆಲವನ್ನು ಏರಿಸಬಾರದು, ತಗ್ಗಿಸಬಾರದು. ಗಟಾರ ಆಚೆಯಿಂದ ಹೋಗಬೇಕು. ಬೇಲಿ ಗೂಟಗಳದ್ದು, ಕಾಂಡದಿಂದ ದೂರ. ಆಮೇಲೆ ನಾವಿಬ್ಬರೂ ನಾಲ್ಕೂ ಊರುಗಳಲ್ಲಿ ಕಟ್ಟೆ ಒಡೆಸುತ್ತ ತಿರುಗಿದೆವು. ಕಟ್ಟೆ ಕಟ್ಟಿ ಎಂದವರೂ ನೀವೇ, ಒಡೆಯಿರಿ ಎನ್ನುವವರೂ ನೀವೇ, ನಿಮಗೆ ಬೇರೆ ಕೆಲಸವಿಲ್ಲವೇ ಎಂದು ಜನ ಬೈದರು. ಸಾಹೇಬರು ತಲೆ ಬಾಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಎಲ್ಲಿಯೂ ತಪ್ಪನ್ನು ಬೇರೆಯವರ ಮೇಲೆ ಹಾಕಲಿಲ್ಲ. ಬಾಗೇವಾಡಿಯ ಬೇವು ಉಳಿಯಲಿಲ್ಲ. ಎಲೆಅಡಿಕೆಯ ಹಿರಿಯರು ಅದರ ಮೋಟಿನ ಮೇಲೆ ಕೂರಲು ಒಪ್ಪದೆ ಬೇರೆ ಕಡೆಗೆ ಹೋದರು.

ಹುಣಸೆ ಬದುಕುತ್ತದೆಂದು ಖಾತ್ರಿಯಿರಲಿಲ್ಲ. ಆ ವರ್ಷ ಹೂ ಬಿಡಲಿಲ್ಲ. ಮರುವರ್ಷ ಹಣ್ಣಿನ ಕಾಲದಲ್ಲಿ ತಪಾಸಣೆಗೆ ಹೋದೆ. ಕೊಂಬೆಗಳಲ್ಲಿ ಒಂದು ಕಾಯಿಯೂ ಇರಲಿಲ್ಲ. ಮರದ ಕೆಳಗೆ ಚಾದರ ಹಾಸಿರಲಿಲ್ಲ, ಬಡಿಯುವ ಕೋಲುಗಳಿರಲಿಲ್ಲ. ಬರಿಯ ನೆಲದ ಮೇಲೆ ಶಾಂತವ್ವ ಕೂತಿದ್ದಳು, ಪಕ್ಕದಲ್ಲಿ ಒಂದು ಬಟ್ಟೆಯ ಗಂಟು.

ಹಣ್ಣಿಲ್ಲದ ವರ್ಷ ಹೇಗೆ ಬಂದಿರಿ ಎಂದು ನಾನು ಕೇಳಬಾರದಿತ್ತೇನೋ. ಕೇಳಿಬಿಟ್ಟೆ.

“ಅಣ್ಣ ಹೇಳಿ ಕಳಿಸಿದ್ನ್ರಿ. ಈ ವರ್ಷ ಗಿಡಕ್ಕ ಕಾಯಿಲ್ಲ, ನೀ ಬಾ ಅಂತ” ಎಂದಳು. ಗಂಟು ಬಿಚ್ಚಿ ತೋರಿಸಿದಳು. ಒಳಗೆ ಹೊಸ ಹುಣಸೆಹಣ್ಣು, ಬೀಜ ತೆಗೆದು ಉಂಡೆ ಕಟ್ಟಿದ್ದು. “ಹಲಸಂಗಿವು. ತವರಮನ್ಯಾಗ ವರ್ಷ ಪೂರಾ ಸಾರಿಗೆ ಹುಳಿ ಬೇಕಲ್ರಿ ಮತ್ತ.”

ಬಾಗಿದ ರಸ್ತೆಯ ತಿರುವಿನಲ್ಲಿ ಗೌಡರ ಮೋಟಾರ್ ಸೈಕಲ್ಲಿನ ಸದ್ದು ಕೇಳಿಸಿತು. ತಂಗಿಯನ್ನು ಮನೆಗೆ ಕರೆದೊಯ್ಯಲು ಬರುತ್ತಿದ್ದರು. ಶಾಂತವ್ವ ಗಂಟು ಕಟ್ಟಿ ಎದ್ದಳು. ನಾನು ಸುಣ್ಣದ ಬುಟ್ಟಿ ಕೆಳಗಿಟ್ಟು, ರೂಢಿಯಂತೆ ಮೇಲೆ ನೋಡಿದೆ. ಸತ್ತವೆಂದುಕೊಂಡ ಕೊಂಬೆಗಳ ತುದಿಯಲ್ಲಿ, ಬಿಸಿಲು ಒಳಗಿನಿಂದ ಹಾಯುವಷ್ಟು ತೆಳ್ಳಗೆ, ಎಲ್ಲೆಲ್ಲೂ ಎಳೆಯ ಎಲೆ ಬಂದಿತ್ತು.